ಗೆದ್ದ ನೆಲವೂ ನ್ಯಾಯದ ನೆಲೆಯೂ

ರಾಜಾಜಿನಗರದಲ್ಲಿ ವಾಸಿಸುವ ನಾವು ದಿನಕ್ಕೆ ಹತ್ತು ಸಲ ರಾಜಾಜಿಯವರ ಹೆಸರನ್ನು ಉಚ್ಚರಿಸುತ್ತೇವೆ. ಬಸ್ಸಿನ ಕಂಡಕ್ಟರನಿಗೆ, ಅಂಚೆಯವನಿಗೆ, ಆಟೋದವನಿಗೆ. ಆದರೆ ಆ ಹಿರಿಯರು ಆಡಿದ ಒಂದು ಕಹಿಮಾತನ್ನು ನೆನೆಯುವವರು ವಿರಳ. 1961ರ ಡಿಸೆಂಬರಿನಲ್ಲಿ ನಮ್ಮ ಸೇನೆ ಗೋವೆಯನ್ನು ಬಿಡಿಸಿದಾಗ ನಾಡೆಲ್ಲ ಹರ್ಷಿಸಿತು. ಸೇನಾಬಲದ ಪ್ರಯೋಗವನ್ನು ಖಂಡಿಸುವ ನೈತಿಕ ಶಕ್ತಿಯನ್ನು ಭಾರತ ಕಳೆದುಕೊಂಡಿತೆಂದು ರಾಜಾಜಿ ವಿಷಾದಿಸಿದರು. ಪ್ಯಾಲೆಸ್ತೀನಿನ ಅಥವಾ ಉಕ್ರೇನಿನ ಸುದ್ದಿಯನ್ನು ಓದುವಾಗಲೆಲ್ಲ ಆ ಮಾತು ನನ್ನನ್ನು ಚುಚ್ಚುತ್ತದೆ. ಅದಕ್ಕೆ ನಮ್ಮಲ್ಲಿ ಉತ್ತರವುಂಟೆ?

ಗೋವೆಯ ಪ್ರಕರಣ ಕನ್ನಡಿಗರಿಗೆ ದೂರದ್ದಲ್ಲ. ಕಾರವಾರದ ಕಡಲಲ್ಲಿ, ದಡದಿಂದಲೇ ಕಣ್ಣಿಗೆ ಕಾಣುವಷ್ಟು ಸಮೀಪದಲ್ಲಿ, ಅಂಜದೀವ ಎಂಬ ಪುಟ್ಟ ನಡುಗಡ್ಡೆಯಿದೆ. ಆಡಳಿತದಲ್ಲಿ ಅದು ಇಂದಿಗೂ ಗೋವೆಗೆ ಸೇರಿದುದು. 1961ರ ನವೆಂಬರಿನಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕಾವಲುಪಡೆ ‘ಸಾಬರಮತಿ’ ಎಂಬ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿಸಿತು, ಮೀನುಗಾರನೊಬ್ಬ ಮಡಿದನು. ಮರುತಿಂಗಳು ನಮ್ಮ ರಾಜ್ಯದ ಅಂದಿನ ಹೆಸರನ್ನೇ ಹೊತ್ತ ‘ಮೈಸೂರು’ ಯುದ್ಧನೌಕೆಯೂ ‘ತ್ರಿಶೂಲ’ವೂ ಅಂಜದೀವಕ್ಕೆ ಹೋದುವು. ಆ ನಡುಗಡ್ಡೆಯನ್ನು ವಶಪಡಿಸಿಕೊಳ್ಳುವಲ್ಲಿ ನಮ್ಮ ಏಳು ಮಂದಿ ನಾವಿಕರು ಪ್ರಾಣ ತೆತ್ತರು.

ಡಿಸೆಂಬರ್ 18ರಂದು ಭದ್ರತಾ ಸಮಿತಿ ಸೇರಿತು. ಕದನ ನಿಲ್ಲಬೇಕು, ಭಾರತದ ಸೇನೆ ಹಿಂದೆಗೆಯಬೇಕು ಎಂಬ ನಿರ್ಣಯದ ಪರವಾಗಿ ಏಳು ಮತಗಳೂ ವಿರುದ್ಧವಾಗಿ ನಾಲ್ಕೂ ಬಿದ್ದುವು. ಸೋವಿಯತ್ ಒಕ್ಕೂಟದ ವೀಟೊ ಅದನ್ನು ಕೆಡವಿತು. ಗೋವೆಯೇ ಬಲಾತ್ಕಾರದಿಂದ ಹಿಡಿದ ನೆಲ, ಆ ಆಕ್ರಮಣ ನಾಲ್ಕೂವರೆ ಶತಮಾನಗಳಿಂದ ನಡೆದೇ ಇದೆ ಎಂದು ನಮ್ಮ ಪ್ರತಿನಿಧಿ ವಾದಿಸಿದರು. ವಾದ ಬಲವಾದುದೇ. ಆದರೆ ವೀಟೊದಿಂದ ಉಳಿದ ವಾದವನ್ನು ಗೆದ್ದ ವಾದವೆಂದು ಹೇಳಲಾಗದು.

ಪ್ರಶ್ನೆ ನಮ್ಮ ನ್ಯಾಯಾಲಯಕ್ಕೂ ಬಂದಿತು. ಪೋರ್ಚುಗೀಸ್ ಪೌರತ್ವವನ್ನೇ ಉಳಿಸಿಕೊಂಡಿದ್ದ ಗೋವೆಯ ಪಾದ್ರಿಯೊಬ್ಬರು ಅನುಮತಿಪತ್ರವಿಲ್ಲದೆ ನೆಲೆಸಿದ್ದಾರೆಂದು ಅವರಿಗೆ ಶಿಕ್ಷೆಯಾಯಿತು. 1949ರ ಜಿನೀವಾ ಒಪ್ಪಂದದ ಪ್ರಕಾರ, ಸೇನೆ ವಶಪಡಿಸಿಕೊಂಡ ಪ್ರದೇಶದ ನಿವಾಸಿಯನ್ನು ವಶಪಡಿಸಿಕೊಂಡವನು ಹೊರದಬ್ಬುವಂತಿಲ್ಲ. ಆ ರಕ್ಷಣೆ ತಮಗುಂಟೆಂದು ಅವರು ಕೇಳಿದರು. 1969ರಲ್ಲಿ ಮುಖ್ಯ ನ್ಯಾಯಾಧೀಶ ಹಿದಾಯತುಲ್ಲಾ ಅವರ ಪೀಠ ಅದನ್ನು ಒಪ್ಪಲಿಲ್ಲ. ಕದನ ಮುಗಿದು ಗೋವೆ ಭಾರತದಲ್ಲಿ ಸೇರಿಹೋದ ಮೇಲೆ ಸೇನಾ ಸ್ವಾಧೀನವೂ ಮುಗಿಯಿತು, ಸ್ವಾಧೀನವಿಲ್ಲದೆಡೆ ಆ ರಕ್ಷಣೆಯೂ ಇಲ್ಲವೆಂದು ತೀರ್ಪಾಯಿತು.

ತೀರ್ಪು ನಮಗೆ ಅನುಕೂಲವಾದುದು. ಆದರೆ ಅದರ ತರ್ಕವನ್ನು ಒಂಟಿಯಾಗಿ ನಿಲ್ಲಿಸಿದರೆ ನನಗೆ ಅಂಜಿಕೆಯಾಗುತ್ತದೆ. ಗೆದ್ದವನು ಗೆದ್ದುದನ್ನು ತನ್ನದೆಂದು ಸಾರಿದೊಡನೆ ಸ್ವಾಧೀನ ಮುಗಿಯುವುದಾದರೆ ಜಗತ್ತಿನಲ್ಲಿ ಆಕ್ರಮಿತ ಪ್ರದೇಶವೆಂಬುದೇ ಉಳಿಯದು. 1990ರಲ್ಲಿ ಇರಾಕ್ ಕುವೈತನ್ನು ತನ್ನಲ್ಲಿ ಸೇರಿಸಿಕೊಂಡಿರುವುದಾಗಿ ಸಾರಿತು. ಆ ಘೋಷಣೆ ಶೂನ್ಯವೆಂದು ಭದ್ರತಾ ಸಮಿತಿ ಒಮ್ಮತದಿಂದ ಹೇಳಿತು.

ಹಾಗಾದರೆ ಗೋವೆಗೂ ಕುವೈತಿಗೂ ಇರುವ ಭೇದವೇನು? ಕುವೈತ್ ಸ್ವತಂತ್ರ ರಾಷ್ಟ್ರ, ಗೋವೆಯಾದರೋ ವಸಾಹತು. ಪೋರ್ಚುಗಲ್ ಅದನ್ನು ತನ್ನ ಪ್ರಾಂತವೆನ್ನುತ್ತಿದ್ದರೂ ಅದು ಸ್ವಯಮಾಡಳಿತವಿಲ್ಲದ ಪ್ರದೇಶವೆಂದು ವಿಶ್ವಸಂಸ್ಥೆಯ ಮಹಾಸಭೆ 1960ರಲ್ಲಿಯೇ ನಿರ್ಣಯಿಸಿತ್ತು. 1974ರ ಡಿಸೆಂಬರ್ 31ರ ಒಪ್ಪಂದದಲ್ಲಿ ಪೋರ್ಚುಗಲ್ಲೇ ನಮ್ಮ ಸಾರ್ವಭೌಮತ್ವವನ್ನು ಒಪ್ಪಿಕೊಂಡಿತು. ಇಲ್ಲಿಯೂ ಒಂದು ಕುಂದನ್ನು ಮುಚ್ಚಿಡಬಾರದು. ಭಾರತಕ್ಕೆ ಸೇರುವಿರಾ ಎಂದು ಗೋವೆಯ ಜನರನ್ನು ನಾವು ಕೇಳಲಿಲ್ಲ. 1967ರ ಜನಮತಗಣನೆ ಕೇಳಿದುದು ಮಹಾರಾಷ್ಟ್ರದೊಡನೆ ವಿಲೀನವೋ, ಪ್ರತ್ಯೇಕ ಕೇಂದ್ರಾಡಳಿತವೋ ಎಂಬಷ್ಟನ್ನೇ. ಆದರೂ ಅವರಿಗೆ ಮತವಿತ್ತು, ಶಾಸನಸಭೆಯಿತ್ತು. ವಿಲೀನವನ್ನು ಅವರು ಬೇಡವೆಂದರು, ದಿಲ್ಲಿ ಅದನ್ನು ಮನ್ನಿಸಿತು. 1987ರಲ್ಲಿ ಗೋವೆ ರಾಜ್ಯವಾಯಿತು.

ರಾಜಾಜಿಗೆ ನಾವು ಕೊಡಬಹುದಾದ ಉತ್ತರ ಇಲ್ಲಿದೆಯೆಂದು ನನ್ನ ಎಣಿಕೆ. ನೆಲದ ಮೇಲಿನ ಹಕ್ಕನ್ನು ಖಡ್ಗ ಕೊಡಲಾರದು. ಆ ನೆಲದಲ್ಲಿ ಬಾಳುವವರ ಕೈಗೆ ಅಧಿಕಾರ ಬಂದಿತೇ ಎಂಬುದೇ ಒರೆಗಲ್ಲು. 1967ರಿಂದ ಇಸ್ರೇಲಿನ ಸೇನೆಯಡಿಯಲ್ಲಿರುವ ಪಶ್ಚಿಮ ದಂಡೆಯ ಪ್ಯಾಲೆಸ್ತೀನಿಯರಿಗೆ ತಮ್ಮನ್ನು ಆಳುವ ಆ ಸರ್ಕಾರವನ್ನು ಆರಿಸುವ ಮತವಿಲ್ಲ. ಒರೆಗಲ್ಲು ಅಲ್ಲಿ ಕೊಡುವ ಉತ್ತರ ಸ್ಪಷ್ಟ.

ಆದರೆ ತನಗೆ ಬೇಕಾದಾಗ ಮಾತ್ರ ಹೊರತೆಗೆಯುವ ಒರೆಗಲ್ಲನ್ನು ಯಾರೂ ನಂಬರು. ಉಕ್ರೇನಿನ ನಾಲ್ಕು ಪ್ರಾಂತಗಳನ್ನು ರಷ್ಯ ಸೇರಿಸಿಕೊಂಡುದನ್ನು ಮಹಾಸಭೆ 2022ರ ಅಕ್ಟೋಬರಿನಲ್ಲಿ 143 ಮತಗಳಿಂದ ತಿರಸ್ಕರಿಸಿತು, ಭಾರತ ತಟಸ್ಥವಾಗಿತ್ತು. 2024ರ ಜುಲೈ 19ರಂದು ಅಂತರರಾಷ್ಟ್ರೀಯ ನ್ಯಾಯಾಲಯ, ಆಕ್ರಮಿತ ಪ್ಯಾಲೆಸ್ತೀನಿನಲ್ಲಿ ಇಸ್ರೇಲ್ ಮುಂದುವರಿದಿರುವುದು ಕಾನೂನುಬಾಹಿರವೆಂದು ಅಭಿಪ್ರಾಯವಿತ್ತಿತು. ಅದನ್ನು ಜಾರಿಗೆ ತರಲು ಸೆಪ್ಟೆಂಬರಿನಲ್ಲಿ ಬಂದ ನಿರ್ಣಯಕ್ಕೆ 124 ರಾಷ್ಟ್ರಗಳು ಮತವಿತ್ತುವು. ಆಗಲೂ ಭಾರತ ತಟಸ್ಥ. ಮಾಸ್ಕೋವಿನ ಹಳೆಯ ಋಣ, ಶಸ್ತ್ರಾಸ್ತ್ರಗಳ ಅಗತ್ಯ, ಇಸ್ರೇಲಿನೊಡನೆ ಬೆಳೆದ ಸ್ನೇಹ, ಇವು ರಾಜತಂತ್ರಕ್ಕೆ ಕಾರಣಗಳಿರಬಹುದು. ಆದರೆ ಗೋವೆಯ ವಿಷಯದಲ್ಲಿ ಲೋಕ ನಮ್ಮ ಮಾತನ್ನು ಒಪ್ಪಬೇಕೆಂದಾದರೆ, ಆ ಮಾತನ್ನೇ ಸ್ನೇಹಿತರಿಗೂ ಹೇಳಲು ನಾವು ಸಿದ್ಧರಿರಬೇಕು. ಅಲ್ಲಿಯವರೆಗೆ ರಾಜಾಜಿಯವರ ಆಕ್ಷೇಪ ನಮ್ಮ ಬಡಾವಣೆಯ ಹೆಸರಿನೊಳಗೆ ಕುಳಿತು ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ.