ಯಾರು ಯಾರನ್ನು ಕ್ಷಮಿಸಬೇಕು?

ಮಾವಿನ ಕಾಲ ಮುಗಿದರೆ ನಮ್ಮ ಶ್ರೀನಿವಾಸಪುರದಲ್ಲಿ ಕೂಲಿಯೂ ಮುಗಿದಂತೆ. ನಮ್ಮ ಬೀದಿಯ ಹೆಂಗಸೊಬ್ಬಳು ಸಾಲ ಮಾಡಿ ಕುವೈತಿಗೆ ಮನೆಗೆಲಸಕ್ಕೆ ಹೋದಳು. 2024ರ ಮಾರ್ಚಿನಿಂದ ಜೂನ್‌ವರೆಗೆ ಅಲ್ಲಿನ ಸರ್ಕಾರ ಕೊಟ್ಟ ಕ್ಷಮಾದಾನದಲ್ಲಿ ದಂಡವಿಲ್ಲದೆ ವಾಪಸು ಬಂದಳು. ಹೋಟೆಲಿನಲ್ಲಿ ಮೇಷ್ಟರೊಬ್ಬರು, "ಅವಧಿ ಮುಗಿದ ಮೇಲೂ ಇದ್ದದ್ದು ತಪ್ಪಲ್ಲವೇನ್ರೀ?" ಎಂದರು. ಕಾಫಿ ನನಗೆ ಗಂಟಲಲ್ಲಿಳಿಯಲಿಲ್ಲ.

ತಪ್ಪು ಯಾರದು ಸ್ವಾಮಿ? ಅಲ್ಲಿ ಆಳಿನ ವಾಸದ ಪರವಾನಗಿಯನ್ನು ಯಜಮಾನನ ಹೆಸರಿಗೆ ಕಟ್ಟಿಹಾಕಿರುತ್ತಾರೆ. ನವೀಕರಿಸಬೇಕಾದವನು ಅವನು, ನವೀಕರಿಸದಿದ್ದರೆ ಅಪರಾಧಿ ಇವಳು! ಹೊಡೆತ ತಾಳದೆ ಮನೆ ಬಿಟ್ಟರೆ, "ಓಡಿಹೋದಳು" ಎಂದು ಅವನು ಒಂದು ದೂರು ಬರೆದರೆ ಸಾಕು. ಪಾಸ್‌ಪೋರ್ಟನ್ನು ಯಜಮಾನ ಇಟ್ಟುಕೊಳ್ಳಬಾರದೆಂದು ಅವರದೇ 2015ರ ಕಾನೂನು ಹೇಳುತ್ತದೆ. ಇವಳದು ಕಡೆಯವರೆಗೂ ಅವನ ಬೀರುವಿನಲ್ಲೇ ಇತ್ತಂತೆ.

ದಂಡದ ಲೆಕ್ಕ ಕೇಳಿ. ದಿನಕ್ಕೆ 2 ದಿನಾರ್, ಹೆಚ್ಚೆಂದರೆ 600. ಮನೆಗೆಲಸಕ್ಕೆ 2016ರಲ್ಲಿ ಅಲ್ಲಿನ ಸರ್ಕಾರವೇ ಗೊತ್ತುಮಾಡಿದ ಕನಿಷ್ಠ ಸಂಬಳ ತಿಂಗಳಿಗೆ 60 ದಿನಾರ್. ಮೂವತ್ತು ದಿನದ ದುಡಿಮೆಗೆ ಮೂವತ್ತು ದಿನದ ದಂಡ ಸರಿಹೋಯಿತು! ಈ ಗಣಿತ ಮೇಷ್ಟರಿಗೆ ತಿಳಿಯದ್ದೇನಲ್ಲ, ಮಕ್ಕಳಿಗೆ ಕಲಿಸುವವರೇ.

ಇದಕ್ಕೆ ಕ್ಷಮಾದಾನವೆಂದು ಹೆಸರು. ಬೀರುವಿಗೆ ಬೀಗ ಹಾಕಿದವನನ್ನು ಯಾರೂ ಏನೂ ಕೇಳಲಿಲ್ಲ. ಅವನು ಕೊಡದೆ ಉಳಿಸಿಕೊಂಡ ಏಳು ತಿಂಗಳ ಸಂಬಳದ ಮಾತನ್ನೂ ಯಾರೂ ಎತ್ತಲಿಲ್ಲ. ಆಕೆ ಈಗ ಕೋಲಾರದ ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸುತ್ತಾಳೆ. ಏಜೆಂಟನಿಗೆ ಕೊಡಲು ಮಾಡಿದ ಸಾಲ ಹಾಗೇ ಇದೆ. ಆ ಏಜೆಂಟ್ ಮೊನ್ನೆ ಮುಳಬಾಗಿಲಿನಲ್ಲಿ ಕಾಣಿಸಿಕೊಂಡನಂತೆ, ಹೊಸಬರನ್ನು ಹುಡುಕುತ್ತ.