ನಾಲ್ಕನೇ ತರಗತಿಯಲ್ಲೇ ಶುರುವಾಗಬೇಕಾದ ಆಟ: ಆಶಿಶ್ ಕುಮಾರ್ ಹಾದಿಯಿಂದ ಗಡಿ ಭಾಗಕ್ಕೊಂದು ಪಾಠ

ಬೇಸಿಗೆ ಬಂತೆಂದರೆ ಕೃಷ್ಣಾ ನದಿಯ ಮರಳಿನಲ್ಲಿ ಲಾಗ ಹಾಕುವ ಹುಡುಗರು ನಮ್ಮ ಕಡೆ ಎಲ್ಲ ಊರಲ್ಲೂ ಸಿಗುತ್ತಾರೆ. ಮಕ್ತಲ್ ಇರಲಿ, ಗದ್ವಾಲ ಇರಲಿ, ದಂಡೆಯ ಮೇಲೆ ನಿಂತವರು "ಎಷ್ಟು ಚೆಂದ ಪಲ್ಟಿ ಹೊಡಿತಾನ" ಎಂದು ಹೊಗಳಿ ಮನೆಗೆ ಹೋಗುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಆ ಹುಡುಗ ಮುಂದೆ ಎಲ್ಲಿಗೆ ಹೋಗಬಹುದಿತ್ತು ಎಂದು ಯಾರೂ ಕೇಳುವುದಿಲ್ಲ. ಇದಕ್ಕೆ ಉತ್ತರ ಬೇಕಿದ್ದರೆ ಅಲಹಾಬಾದಿನ (ಈಗಿನ ಪ್ರಯಾಗರಾಜ್) ಆಶಿಶ್ ಕುಮಾರ್ ಅವರ ಕಥೆಯನ್ನು ನೋಡಬೇಕು.

2010ರ ಅಕ್ಟೋಬರ್. ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. 20ರ ಆಸುಪಾಸಿನ ಆಶಿಶ್ ಮೊದಲು ಫ್ಲೋರ್ ವಿಭಾಗದಲ್ಲಿ ಕಂಚು, ನಂತರ ವಾಲ್ಟ್‌ನಲ್ಲಿ ಬೆಳ್ಳಿ ಗೆದ್ದರು. ಈ ಕೂಟದ ಜಿಮ್ನಾಸ್ಟಿಕ್ಸ್‌ನಲ್ಲಿ ಭಾರತಕ್ಕೆ ಅದುವರೆಗೆ ಒಂದೂ ಪದಕ ಬಂದಿರಲಿಲ್ಲ. ಮುಂದಿನ ತಿಂಗಳೇ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮತ್ತೊಂದು ಕಂಚು. ಅದೂ ದೇಶಕ್ಕೆ ಮೊದಲನೆಯದು. 2011ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಎರಡು ತಿಂಗಳಲ್ಲಿ ಮೂರು ಪದಕ ತಂದ ಹುಡುಗ ಒಲಿಂಪಿಕ್ಸ್‌ಗೆ ಹೋಗುತ್ತಾನೆ ಎಂದೇ ಎಲ್ಲರೂ ಭಾವಿಸಿದ್ದರು. ಆದರೆ 2012ರ ಲಂಡನ್ ಕೂಟಕ್ಕೆ ಭಾರತದ ಒಬ್ಬ ಜಿಮ್ನಾಸ್ಟ್ ಕೂಡ ಅರ್ಹತೆ ಪಡೆಯಲಿಲ್ಲ.

ತಪ್ಪಿದ್ದು ಎಲ್ಲಿ? ಹುಡುಗನಲ್ಲಿ ದಮ್ಮು ಇರಲಿಲ್ಲ ಎನ್ನಲು ಸಾಧ್ಯವಿಲ್ಲ, ಪದಕಗಳೇ ಸಾಕ್ಷಿ. ದೆಹಲಿ ಕೂಟಕ್ಕಾಗಿ ವಿದೇಶಿ ಉಪಕರಣ ತರಿಸಲಾಗಿತ್ತು. ಸೋವಿಯತ್ ಮೂಲದ ಕೋಚ್ ವ್ಲಾದಿಮಿರ್ ಚೆರ್ಟ್ಕೋವ್ ಅವರನ್ನು ಕರೆಸಲಾಗಿತ್ತು. ಫಲ ಕಣ್ಣೆದುರೇ ಸಿಕ್ಕಿತು. ಕೂಟ ಮುಗಿದ ಮೇಲೆ ಕೋಚ್ ಹೊರಟುಹೋದರು. ಇತ್ತ ರಾಷ್ಟ್ರೀಯ ಒಕ್ಕೂಟದೊಳಗೆ ಬಣ ಜಗಳ ಶುರುವಾಗಿ, ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆಯೇ ವರ್ಷಗಟ್ಟಲೆ ತೂಗಾಡಿತು. ಬೆಳೆ ತೆನೆ ಕಟ್ಟುವ ಹೊತ್ತಿಗೆ ಕಾಲುವೆಗೆ ನೀರು ನಿಲ್ಲಿಸಿದ ಹಾಗಾಯಿತು.

ಈ ಆಟಕ್ಕೆ ಅಂಥ ವಿರಾಮ ಏಕೆ ತಡೆಯದು ಎಂಬುದನ್ನು ತಿಳಿಯಬೇಕು. ಗಂಡಸರ ಜಿಮ್ನಾಸ್ಟಿಕ್ಸ್‌ನಲ್ಲಿ ಆರು ವಿಭಾಗಗಳಿವೆ: ಫ್ಲೋರ್, ಪಾಮೆಲ್ ಹಾರ್ಸ್, ರಿಂಗ್ಸ್, ವಾಲ್ಟ್, ಪ್ಯಾರಲಲ್ ಬಾರ್ಸ್ ಮತ್ತು ಹೈ ಬಾರ್. ಫ್ಲೋರ್ ಎಂದರೆ 12 ಮೀಟರ್ ಉದ್ದ, 12 ಮೀಟರ್ ಅಗಲದ, ಅಡಿಯಲ್ಲಿ ಸ್ಪ್ರಿಂಗ್ ಇರುವ ಹಾಸು. ವಾಲ್ಟ್‌ಗೆ 25 ಮೀಟರ್‌ವರೆಗೆ ಓಡಿ ಬಂದು, 135 ಸೆಂಟಿಮೀಟರ್ ಎತ್ತರದ ಮೇಜಿಗೆ ಕೈ ಊರಿ ಗಾಳಿಯಲ್ಲಿ ತಿರುಗಬೇಕು. 2006ರಿಂದ ಹತ್ತಕ್ಕೆ ಹತ್ತು ಎಂಬ ಹಳೆಯ ಅಂಕ ಪದ್ಧತಿ ಇಲ್ಲ. ಕಸರತ್ತು ಎಷ್ಟು ಕಠಿಣ ಎಂಬುದಕ್ಕೆ ಒಂದು ಅಂಕ, ಎಷ್ಟು ಶುದ್ಧವಾಗಿ ಮಾಡಿದ ಎಂಬುದಕ್ಕೆ ಇನ್ನೊಂದು. ಕಠಿಣ ಕಸರತ್ತು ಮೈಗೆ ಹತ್ತಲು ವರ್ಷಗಳೇ ಬೇಕು. ಆರೇಳು ವಯಸ್ಸಿಗೆ ಶುರು ಮಾಡಿದವನು 20 ದಾಟಿದ ಮೇಲೆ ಫಲ ಕಾಣುತ್ತಾನೆ. ನಡುವೆ ಕೋಚ್ ಬದಲಾದರೆ, ಉಪಕರಣ ಇಲ್ಲದಿದ್ದರೆ ಹಿಂದಿನ ಶ್ರಮ ಮಣ್ಣುಪಾಲು.

ಇತಿಹಾಸವೂ ಇದನ್ನೇ ಹೇಳುತ್ತದೆ. 1952ರಲ್ಲಿ ಇಬ್ಬರು, 1956ರಲ್ಲಿ ಮೂವರು, 1964ರಲ್ಲಿ ಆರು ಮಂದಿ ಭಾರತೀಯ ಪುರುಷರು ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸ್‌ಗೆ ಹೋಗಿದ್ದರು. ಅಂದಿನಿಂದ 2024ರ ಪ್ಯಾರಿಸ್‌ವರೆಗೆ, ಅಂದರೆ 60 ವರ್ಷ, ಒಬ್ಬ ಗಂಡಸೂ ಹೋಗಿಲ್ಲ. ಹೋದವರು ಹೆಣ್ಣುಮಕ್ಕಳು: 2016ರಲ್ಲಿ ತ್ರಿಪುರಾದ ದೀಪಾ ಕರ್ಮಾಕರ್, ಟೋಕಿಯೊಗೆ ಪ್ರಣತಿ ನಾಯಕ್. ದೀಪಾ ರಿಯೊದಲ್ಲಿ ವಾಲ್ಟ್‌ನಲ್ಲಿ ನಾಲ್ಕನೆಯವರಾದರು. ಅವರಿಗೆ ಚಿಕ್ಕಂದಿನಿಂದ ಕಡೆತನಕ ಬಿಶ್ವೇಶ್ವರ್ ನಂದಿ ಅವರ ಮಾರ್ಗದರ್ಶನವಿತ್ತು ಎಂಬುದನ್ನು ಮರೆಯಬಾರದು.

ಬಡ ದೇಶಕ್ಕೆ ಇದು ಸಾಧ್ಯವಿಲ್ಲ ಎನ್ನುವವರು ಫಿಲಿಪೈನ್ಸ್ ನೋಡಲಿ. ಮನಿಲಾದ ಸಾಮಾನ್ಯ ಮನೆಯ ಕಾರ್ಲೋಸ್ ಯೂಲೊ ಎಂಬ ಹುಡುಗನನ್ನು ತಾತ ಜಿಮ್ನಾಸ್ಟಿಕ್ಸ್ ಕಲಿಯಲು ಕರೆದೊಯ್ದರು. 2016ರಲ್ಲಿ ಆತ ಜಪಾನಿಗೆ ಹೋಗಿ ವರ್ಷಗಳ ಕಾಲ ಒಬ್ಬ ಜಪಾನಿ ಕೋಚ್ ಕೈಯಲ್ಲಿ ಪಳಗಿದ. 2019ರಲ್ಲಿ ವಿಶ್ವ ಚಾಂಪಿಯನ್ ಆದ. 2024ರ ಪ್ಯಾರಿಸ್‌ನಲ್ಲಿ ಫ್ಲೋರ್ ಮತ್ತು ವಾಲ್ಟ್ ಎರಡರಲ್ಲೂ ಚಿನ್ನ ಗೆದ್ದ. ಆಶಿಶ್‌ಗೆ ಪದಕ ತಂದುಕೊಟ್ಟದ್ದೂ ಇವೇ ಎರಡು ವಿಭಾಗಗಳು. ಒಬ್ಬನಿಗೆ ಆಸರೆ ಕೊನೆಯವರೆಗೆ ಸಿಕ್ಕಿತು, ಇನ್ನೊಬ್ಬನಿಗೆ ಅರ್ಧದಲ್ಲಿ ತಪ್ಪಿತು.

ಈಗ ನಮ್ಮ ಊರಿನ ಮಾತಿಗೆ ಬರೋಣ. ಹೈದರಾಬಾದಿನ ಬುದ್ದಾ ಅರುಣಾ ರೆಡ್ಡಿ 2018ರಲ್ಲಿ ಮೆಲ್ಬರ್ನ್ ವಿಶ್ವಕಪ್‌ನ ವಾಲ್ಟ್‌ನಲ್ಲಿ ಕಂಚು ಗೆದ್ದು, ವಿಶ್ವಕಪ್‌ನಲ್ಲಿ ವೈಯಕ್ತಿಕ ಪದಕ ಪಡೆದ ಮೊದಲ ಭಾರತೀಯ ಜಿಮ್ನಾಸ್ಟ್ ಆದರು. ಅಂದರೆ ತೆಲಂಗಾಣದಲ್ಲಿ ಈ ಆಟ ಇಲ್ಲದ್ದೇನಲ್ಲ. ಇರುವುದು ರಾಜಧಾನಿಯಲ್ಲಿ. ನಾರಾಯಣಪೇಟೆಯ ನೇಕಾರರ ಮಗ ದಿನವೂ ಅಲ್ಲಿಗೆ ಹೋಗಿ ಕಲಿಯಲಾರ. ಅಂಥವನಿಗೆ ದಾರಿ ಎಂದರೆ ಹಕೀಂಪೇಟೆಯ ಸರ್ಕಾರಿ ಕ್ರೀಡಾ ಶಾಲೆ. ಅಲ್ಲಿ ಪ್ರವೇಶ ನಾಲ್ಕನೇ ತರಗತಿಗೆ. ಮಂಡಲ, ಜಿಲ್ಲೆ, ರಾಜ್ಯ ಎಂದು ಹಂತ ಹಂತವಾಗಿ ಆಯ್ಕೆ ನಡೆಯುತ್ತದೆ. ಓಟ, ನಿಂತಲ್ಲಿಂದ ಜಿಗಿತ, ಮೈ ಬಾಗಿಸುವುದು ಇಂಥ ಪರೀಕ್ಷೆಗಳಿರುತ್ತವೆ. ಮನೆಯಲ್ಲಿ ಕನ್ನಡ, ಹೊರಗೆ ತೆಲುಗು ಆಡುವ ನಮ್ಮ ಮಕ್ಕಳಿಗೆ ಇದರಲ್ಲಿ ಭಾಷೆಯ ತೊಡಕಿಲ್ಲ. ತೊಡಕು ಇರುವುದು ಸಮಯದ್ದು. ಹುಡುಗನ ಚುರುಕು ನಮ್ಮ ಕಣ್ಣಿಗೆ ಬೀಳುವುದು ಏಳು, ಎಂಟನೇ ತರಗತಿಯಲ್ಲಿ. ಅಷ್ಟು ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ತಂದೆತಾಯಂದಿರ ಅಳುಕೂ ಸುಳ್ಳಲ್ಲ. ಎಂಟೊಂಬತ್ತು ವರ್ಷದ ಮಗುವನ್ನು ಹಾಸ್ಟೆಲಿಗೆ ಬಿಡುವುದು ಸುಲಭವಲ್ಲ. ಈ ಆಟದಲ್ಲಿ ಹಣವಿಲ್ಲ, ಪೆಟ್ಟು ಬಹಳ. ದೊಡ್ಡ ಪದಕ ಸಾವಿರಕ್ಕೊಬ್ಬರಿಗೂ ಸಿಗದು. ಆದರೂ ರಾಷ್ಟ್ರ ಮಟ್ಟಕ್ಕೆ ಬಂದವರಿಗೆ ರೈಲ್ವೆ, ಸೇನೆಯಲ್ಲಿ ಕ್ರೀಡಾ ಕೋಟಾದ ನೌಕರಿ ಇದೆ. ಲಾಭ ನಷ್ಟ ಎರಡನ್ನೂ ತೂಗಿ ನೋಡಿ ತೀರ್ಮಾನಿಸುವುದು ಮನೆಯವರ ಹಕ್ಕು. ತೀರ್ಮಾನಿಸುವ ಅವಕಾಶವೇ ತಪ್ಪಿಹೋಗಬಾರದು ಎಂಬುದಷ್ಟೇ ಇಲ್ಲಿನ ಮಾತು.

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಮೂರನೇ ತರಗತಿಯ ಮಕ್ಕಳಲ್ಲಿ ಚುರುಕಾದವರ ಹೆಸರನ್ನು ಶಾಲೆಯ ಶಿಕ್ಷಕರು ಬರೆದಿಟ್ಟುಕೊಂಡು, ಆಯ್ಕೆಯ ಪ್ರಕಟಣೆ ಬಂದಾಗ ಮನೆಗೆ ಹೋಗಿ ತಿಳಿಸಲಿ. ನಾರಾಯಣಪೇಟೆ ಮತ್ತು ಜೋಗುಳಾಂಬ ಗದ್ವಾಲ ಎರಡೂ ಈಗ ಪ್ರತ್ಯೇಕ ಜಿಲ್ಲೆಗಳು. ಒಂದೊಂದು ಕಡೆ ದಪ್ಪನೆಯ ಮ್ಯಾಟ್ ಹಾಸಿದ ಒಂದು ಹಾಲ್, ತರಬೇತಿ ಪಡೆದ ಒಬ್ಬ ಕೋಚ್ ಇದ್ದರೆ ಶುರು ಮಾಡಲು ಸಾಕು. ಅಲ್ಲಿಯವರೆಗೆ ಒಂದು ಎಚ್ಚರಿಕೆ: ಗಟ್ಟಿ ನೆಲದ ಮೇಲೆ, ಹೇಳಿಕೊಡುವವರಿಲ್ಲದೆ ಮಕ್ಕಳು ಹಿಂದಕ್ಕೆ ಲಾಗ ಹಾಕದಂತೆ ನೋಡಿಕೊಳ್ಳಿ. ಕತ್ತಿಗೆ ಬಿದ್ದ ಪೆಟ್ಟು ಜೀವಮಾನದ್ದು.

ಆಶಿಶ್ ಕುಮಾರ್‌ಗೆ ಆಸರೆ ಅರ್ಧದಲ್ಲಿ ಕೈಕೊಟ್ಟಿತು. ನಮ್ಮ ನದಿ ದಂಡೆಯ ಹುಡುಗನಿಗೆ ಅದು ಇನ್ನೂ ಶುರುವೇ ಆಗಿಲ್ಲ. ಮುಂದಿನ ಬೇಸಿಗೆಯಲ್ಲಿ ಅವನನ್ನು ಕಂಡರೆ ಹೊಗಳುವ ಮೊದಲು ಒಂದು ಮಾತು ಕೇಳಿ: ನೀನು ಎಷ್ಟನೇ ತರಗತಿ?