ಅಂಚಿನ ಮೇಲಿನ ಹೆಸರು

ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಹಳೆಯ ಪುಸ್ತಕ ಹುಡುಕುತ್ತಿದ್ದಾಗ ಒಂದು ಪದಕ ಕಣ್ಣಿಗೆ ಬಿತ್ತು. ತುಕ್ಕು ಹಿಡಿದ ಬೀಗ, ಕೈಗಡಿಯಾರದ ಪಟ್ಟಿ, ರೇಡಿಯೊದ ಗುಂಡಿಗಳ ನಡುವೆ ಬಿದ್ದಿತ್ತು. ಒಂದು ಮಗ್ಗುಲಲ್ಲಿ ಐದನೇ ಜಾರ್ಜ್ ದೊರೆಯ ಮುಖ. ಇನ್ನೊಂದು ಮಗ್ಗುಲಲ್ಲಿ ಕುದುರೆ ಏರಿದ ಬತ್ತಲೆ ಯೋಧ, ಗೊರಸಿನ ಕೆಳಗೆ ಹದ್ದಿನ ಗುರಾಣಿ, ಅಕ್ಕಪಕ್ಕ 1914 ಮತ್ತು 1918 ಎಂಬ ಇಸವಿಗಳು. ಮಾರುವ ಹುಡುಗ, "ಹಳೇ ನಾಣ್ಯ ಸಾರ್, ಮಹಾರಾಜರ ಕಾಲದ್ದು" ಎಂದ. ಈ ಪದಕಗಳ ಅಂಚಿನಲ್ಲಿ ಪಡೆದವನ ನಂಬರು, ಹೆಸರು, ದಳ ಎಲ್ಲವೂ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತವೆಂದು ಓದಿದ್ದೆ. ಬೆಳಕಿಗೆ ತಿರುಗಿಸಿ ನೋಡಿದೆ. ನಂಬರು ಸ್ಪಷ್ಟವಾಗಿತ್ತು. ಹೆಸರು ಸವೆದು ಕೊನೆಯ ಮೂರು ಅಕ್ಷರ ಉಳಿದಿದ್ದವು; ಕೂಡಿಸಿ ಓದಿದರೆ 'ಪ್ಪ'.

ಯಾವ ಅಪ್ಪ? ಮುನಿಯಪ್ಪನೋ, ಯಲ್ಲಪ್ಪನೋ, ತಿಮ್ಮಪ್ಪನೋ. ಪದಕ ಕಂಚಿನದು. ಬಂದೂಕು ಹಿಡಿದವರಿಗೆ ಇದೇ ಪದಕವನ್ನು ಬೆಳ್ಳಿಯಲ್ಲಿ ಕೊಟ್ಟರು. ಅವರ ಹಿಂದೆ ನೀರು ಹೊತ್ತವರಿಗೆ, ಹೇಸರಗತ್ತೆ ಹೊಡೆದವರಿಗೆ, ಅಡುಗೆ ಮಾಡಿದವರಿಗೆ, ಹೆಣ ಎತ್ತಿದವರಿಗೆ ಕಂಚು. ಇಂಥವರು ನಮ್ಮ ದೇಶದಿಂದ ಐದೂವರೆ ಲಕ್ಷಕ್ಕೂ ಹೆಚ್ಚು ಜನ ಆ ಯುದ್ಧಕ್ಕೆ ದುಡಿದಿದ್ದಾರೆ. ಪದಕವನ್ನು ಕೊಂಡು ತಂದೆ. ಇದನ್ನು ಬರೆಯುವಾಗ ಮೇಜಿನ ಮೇಲಿದೆ, ಹೆಬ್ಬೆರಳು ಪದೇ ಪದೇ ಆ ಅಂಚಿಗೇ ಹೋಗುತ್ತದೆ.

ಮೊದಲನೇ ಮಹಾಯುದ್ಧವನ್ನು ನಾವು ಶಾಲೆಯಲ್ಲಿ ಓದಿದ್ದು ಐದು ಅಂಕದ ಪ್ರಶ್ನೆಯಾಗಿ. ಸರಾಯೆವೊದಲ್ಲಿ ಗುಂಡು, ಆಮೇಲೆ ಎರಡು ಬಣಗಳು, ಕೊನೆಗೆ ವರ್ಸೇಲ್ಸ್ ಒಪ್ಪಂದ. ನಡುವಿನ ನಾಲ್ಕು ವರ್ಷಗಳಲ್ಲಿ ಆದದ್ದೇನೆಂದು ಮೇಷ್ಟರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. 1914ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಮಾರ್ನ್ ನದಿಯ ಬಳಿ ಜರ್ಮನ್ನರ ಓಟ ನಿಂತಿತು, ಎರಡೂ ಕಡೆಯವರು ನೆಲ ಅಗೆದು ಕಂದಕದಲ್ಲಿ ಕೂತರು. 1916ರಲ್ಲಿ ವೆರ್ದೆಂ ಎಂಬಲ್ಲಿ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಒಂದೇ ಕದನ ನಡೆಯಿತು. ಅಲ್ಲಿನ ದುವೋಮೊಂ ಎಂಬ ಕಡೆ ಒಂದು ಅಸ್ಥಿಮಂದಿರವಿದೆ. ಅದರ ಗೋಡೆಯ ತಳದಲ್ಲಿ ಪುಟ್ಟ ಪುಟ್ಟ ಗಾಜಿನ ಕಿಟಕಿಗಳು. ಬಗ್ಗಿ ನೋಡಿದರೆ ಒಳಗೆ ರಾಶಿ ರಾಶಿ ಮೂಳೆ. ಸುಮಾರು 1,30,000 ಜನರದು. ಯಾರು ಫ್ರೆಂಚ್, ಯಾರು ಜರ್ಮನ್ ಎಂದು ಯಾರಿಗೂ ಗೊತ್ತಿಲ್ಲ. ಅದೇ ವರ್ಷ ಜುಲೈ 1ರಂದು ಸೊಮ್ ನದಿಯ ಬಳಿ ಬ್ರಿಟಿಷ್ ಸೇನೆ ಒಂದೇ ದಿನದಲ್ಲಿ 19,240 ಜನರನ್ನು ಕಳೆದುಕೊಂಡಿತು. ನವೆಂಬರ್‌ವರೆಗೂ ಆ ಕದನ ಮುಂದುವರಿಯಿತು. ಕೊನೆಗೆ ಗೆದ್ದ ನೆಲ ಒಂದು ದಿನದಲ್ಲಿ ನಡೆದು ಮುಗಿಸುವಷ್ಟು.

ಇವೆಲ್ಲ ಯುರೋಪಿನ ಪುಸ್ತಕಗಳಲ್ಲಿ ವಿವರವಾಗಿ ಸಿಗುತ್ತವೆ. ನಾನು ಹೆಚ್ಚು ಹೇಳಬೇಕೆಂದಿರುವುದು ಇನ್ನೊಂದು ರಣರಂಗದ ಮಾತು, ಮೆಸೊಪೊಟೇಮಿಯ. ಆಗ ತುರ್ಕರ ಆಳ್ವಿಕೆಯಲ್ಲಿದ್ದ ಇಂದಿನ ಇರಾಕ್.

1914ರ ನವೆಂಬರಿನಲ್ಲಿ ಬಸ್ರಾ ಬಳಿ ಇಳಿದದ್ದು ಭಾರತೀಯ ಸೇನೆಯ 6ನೇ ಪುಣೆ ಡಿವಿಷನ್. ಅದರ ಮೂರು ಬ್ರಿಗೇಡುಗಳಲ್ಲಿ ಒಂದರ ಹೆಸರು ಬೆಳಗಾವಿ ಬ್ರಿಗೇಡ್. ಇದು ಗೊತ್ತಾದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಬೆಳಗಾವಿಯ ಹೆಸರು ಹೊತ್ತ ದಂಡು ಟೈಗ್ರಿಸ್ ನದಿಯ ಗುಂಟ ಮೇಲೆ ಮೇಲೆ ನಡೆಯುತ್ತ ಹೋಯಿತು, ಎಡಬಲ ಜೌಗು, ತಲೆಯ ಮೇಲೆ ಸುಡುವ ಬಿಸಿಲು. ಬಾಗ್ದಾದ್ ಇನ್ನೇನು ಕೈಗೆ ಬಂತೆಂದು 1915ರ ನವೆಂಬರಿನಲ್ಲಿ ಟೆಸಿಫಾನ್ ಎಂಬಲ್ಲಿ ತುರ್ಕರ ಮೇಲೆ ಬಿದ್ದರು. ಅಲ್ಲಿ ಸತ್ತವರು, ಗಾಯಗೊಂಡವರು ಸೇರಿ 4,000ಕ್ಕೂ ಹೆಚ್ಚು. ಗಾಯಾಳುಗಳನ್ನು ಸ್ಪ್ರಿಂಗ್ ಇಲ್ಲದ ಗಾಡಿಗಳಲ್ಲಿ ಹೇರಿ ನದಿಗೆ ತಂದರು, ಹಡಗಿನ ತೆರೆದ ಅಟ್ಟದ ಮೇಲೆ ಒತ್ತೊತ್ತಾಗಿ ಮಲಗಿಸಿ ಬಸ್ರಾಗೆ ಕಳಿಸಿದರು. ದಾರಿ ಹತ್ತು ದಿನಕ್ಕೂ ಮೀರಿ ಹಿಡಿಯಿತು. ದಡದಲ್ಲಿ ಕಾಯುತ್ತಿದ್ದ ಒಬ್ಬ ಸೇನಾ ವೈದ್ಯನಿಗೆ ಹಡಗಿನ ಪಕ್ಕದಿಂದ ಹಗ್ಗಗಳು ಜೋತುಬಿದ್ದಂತೆ ಕಂಡಿತು. ಹತ್ತಿರ ಬಂದಾಗ ಗೊತ್ತಾಯಿತು, ಅವು ಹಗ್ಗಗಳಲ್ಲ, ಆಮಶಂಕೆಯಿಂದ ಏಳಲಾಗದೆ ಮಲಗಿದ್ದವರ ಮಲ ಹರಿದು ಒಣಗಿದ್ದು. ಈ ಮಾತು ಸರ್ಕಾರದ ವಿಚಾರಣಾ ವರದಿಯಲ್ಲೇ ದಾಖಲಾಗಿದೆ. 1917ರಲ್ಲಿ ವರದಿ ಹೊರಬಂದಾಗ ಭಾರತದ ಹೊಣೆ ಹೊತ್ತಿದ್ದ ಬ್ರಿಟಿಷ್ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು.

ಉಳಿದ ಸೇನೆ ಹಿಂದೆ ಸರಿದು ಕೂಟ್ ಎಂಬ ಊರು ಸೇರಿತು. ನದಿ ಮೂರು ಕಡೆಯಿಂದ ಬಳಸಿಕೊಂಡ ಸಣ್ಣ ಊರು. ತುರ್ಕರು ಸುತ್ತುಗಟ್ಟಿದರು. ಡಿಸೆಂಬರ್ 7ರಿಂದ ಮುಂದಿನ ಏಪ್ರಿಲ್ 29ರವರೆಗೆ ಮುತ್ತಿಗೆ. ಧಾನ್ಯ ತೀರುತ್ತ ಬಂತು, ತರಕಾರಿ ಮೊದಲೇ ಇರಲಿಲ್ಲ. ಕುದುರೆಗಳನ್ನು ಕೊಂದು ತಿನ್ನತೊಡಗಿದರು. ನಮ್ಮ ಸಿಪಾಯಿಗಳಲ್ಲಿ ಬಹಳ ಜನ ಕುದುರೆ ಮಾಂಸ ಮುಟ್ಟಲಿಲ್ಲ. ತಿನ್ನಬಹುದೆಂದು ಭಾರತದಿಂದ ಧರ್ಮಗುರುಗಳ ಒಪ್ಪಿಗೆ ತರಿಸಿದರೂ ಮನಸ್ಸು ಒಪ್ಪಲಿಲ್ಲ. ಊರಿಗೆ ಹೋದಾಗ ಪಂಕ್ತಿಯಲ್ಲಿ ಕೂರಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಭಯ. ವಸಡಿನಿಂದ ರಕ್ತ ಸುರಿಯುತ್ತಿತ್ತು, ಕಾಲು ಊದುತ್ತಿತ್ತು. ಬಾರ್ಲಿ ಇತ್ತು, ಹಿಟ್ಟು ಮಾಡಲು ಬೀಸುಕಲ್ಲು ಸಾಕಷ್ಟಿರಲಿಲ್ಲ. ಆಗ ವಿಮಾನದಿಂದ ಬೀಸುಕಲ್ಲುಗಳನ್ನು ಕೆಳಗೆ ಇಳಿಸಿದರು. ಸೇನೆಯೊಂದಕ್ಕೆ ವಿಮಾನದಿಂದ ಅನ್ನ ಒದಗಿಸಿದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

ನಮ್ಮ ಅಜ್ಜಿಯರು ನಸುಕಿಗೆ ಎದ್ದು ಹಾಡುತ್ತ ತಿರುಗಿಸುತ್ತಿದ್ದ ಬೀಸುಕಲ್ಲು ಆಕಾಶದಿಂದ ಇಳಿದುಬಂದಾಗ ಆ ಕಲ್ಲಿನ ಮುಂದೆ ಕೂತವನಿಗೆ ಏನನ್ನಿಸಿರಬಹುದೆಂದು ಯೋಚಿಸುತ್ತೇನೆ. ಅವನ ಮನೆಯಲ್ಲೂ ಅದೇ ಹೊತ್ತಿಗೆ ಜೋಳವೋ ರಾಗಿಯೋ ಬೀಸುತ್ತಿದ್ದಿರಬೇಕು.

ಕೂಟ್‌ನಲ್ಲಿ ಕೊನೆಗೆ ಶರಣಾದವರು ಸುಮಾರು 13,000 ಜನ, ಬಹುಪಾಲು ಭಾರತೀಯರು. ಅವರನ್ನು ಬಿಡಿಸಲು ಹೋಗಿ ಸತ್ತು ಗಾಯಗೊಂಡವರು ಸುಮಾರು 23,000. ಉಳಿಸಬೇಕಾದವರಿಗಿಂತ ಉಳಿಸಹೋದವರ ಸಂಖ್ಯೆ ದೊಡ್ಡದಾಯಿತು. ಸೆರೆಯಾಳುಗಳನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ರಾಸ್ ಅಲ್ ಐನ್ ಎಂಬಲ್ಲಿ ರೈಲುಹಳಿ ಹಾಕುವ ಕೆಲಸಕ್ಕೆ ಹಚ್ಚಿದರು. ಸಾವಿರಾರು ಜನ ಹಿಂದಿರುಗಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕೂಟ್ ಬಿಡಿಸಲು ಹೋದ ದಂಡಿನಲ್ಲಿ ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳಿದ್ದವು. ಅವೇ ದಳಗಳು ಹಿಂದಿನ ವರ್ಷ ಫ್ರಾನ್ಸಿನಲ್ಲಿ ಹೋರಾಡಿದ್ದವು. 1915ರ ಮಾರ್ಚಿನಲ್ಲಿ ಅವು ಕಾದಾಡಿದ ನವ್ ಶಪೆಲ್ ಎಂಬ ಹಳ್ಳಿಯ ಬಳಿ ಒಂದು ಸ್ಮಾರಕವಿದೆ. ದುಂಡನೆಯ ಗೋಡೆ, ನಮ್ಮ ಸಾಂಚಿಯ ಕಟಾಂಜನದಂತೆ ಕೆತ್ತನೆ. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಮಡಿದು ಸಮಾಧಿ ತಿಳಿಯದೇ ಹೋದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಅಲ್ಲಿವೆ. ಸಾಮಾನ್ಯ ಸಿಪಾಯಿಯ ಹೆಸರೂ ಇದೆ. ಇರಾಕಿನಲ್ಲೂ ಬಸ್ರಾ ಸ್ಮಾರಕ ಎಂಬುದೊಂದಿದೆ, ಮೆಸೊಪೊಟೇಮಿಯದಲ್ಲಿ ಸತ್ತ 40,000ಕ್ಕೂ ಹೆಚ್ಚು ಜನರ ನೆನಪಿಗೆ. ಅಲ್ಲಿ ಬ್ರಿಟಿಷ್ ಸೈನಿಕರ ಹೆಸರಿದೆ, ಭಾರತೀಯ ಅಧಿಕಾರಿಗಳ ಹೆಸರೂ ಇದೆ. ಸಿಪಾಯಿಗಳ ಜಾಗದಲ್ಲಿ ದಳದ ಕೆಳಗೆ ಒಂದು ಸಂಖ್ಯೆ ಮಾತ್ರ, ಇನ್ನು ಇಷ್ಟು ಜನ ಎಂದು. ಅಣ್ಣ ಫ್ರಾನ್ಸಿನ ಕೆಸರಿನಲ್ಲಿ ಸತ್ತಿದ್ದರೆ ಅವನಿಗೆ ಹೆಸರಿದೆ. ವರ್ಷ ಕಳೆದು ಅದೇ ದಳದ ತಮ್ಮ ಟೈಗ್ರಿಸ್ ದಡದಲ್ಲಿ ಸತ್ತಿದ್ದರೆ ಅವನು ಲೆಕ್ಕದಲ್ಲಿ ಒಂದು.

ಜಾತಿ, ಧರ್ಮ, ದರ್ಜೆ ನೋಡದೆ ಪ್ರತಿ ಮೃತನಿಗೂ ಹೆಸರು ಕೊಡುತ್ತೇವೆಂಬುದು 1917ರಲ್ಲಿ ಹುಟ್ಟಿದ ಯುದ್ಧಸಮಾಧಿ ಆಯೋಗದ ವಚನ. ಯುರೋಪಿನಲ್ಲಿ ಆ ವಚನ ನಡೆಯಿತು. ಯುರೋಪಿನ ಪ್ರವಾಸಿಗರು ಕಾಲಿಡದ ಕಡೆ ಮುರಿಯಿತು. 2021ರಲ್ಲಿ ಅದೇ ಆಯೋಗ ಒಂದು ವರದಿ ಪ್ರಕಟಿಸಿ ತಪ್ಪೊಪ್ಪಿಕೊಂಡಿತು: ಕನಿಷ್ಠ 1,16,000 ಜನ ಹೆಸರಿಲ್ಲದೆ, ಬಹುಶಃ ಯಾವ ಸ್ಮಾರಕವೂ ಇಲ್ಲದೆ ಹೋಗಿದ್ದಾರೆ, ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು. ನೂರು ವರ್ಷ ತಡವಾಗಿ ಬಂದ ಕ್ಷಮಾಪಣೆ. ಬಂದದ್ದು ಒಳ್ಳೆಯದೇ, ಆದರೆ ಮಗನ ಹೆಸರು ಕಲ್ಲಿನಲ್ಲಿ ಕಾಣಬೇಕಿದ್ದ ತಾಯಂದಿರು ಯಾರೂ ಉಳಿದಿಲ್ಲ.

ಪೂರ್ವ ಆಫ್ರಿಕಾದ ಕಾಡುಗಳಲ್ಲಿ ನಡೆದ ಯುದ್ಧದ ಕಥೆ ಇನ್ನೂ ಕ್ರೂರ. ರಸ್ತೆಯಿಲ್ಲ, ಸೆಟ್ಸಿ ನೊಣದಿಂದ ಎತ್ತು ಕುದುರೆ ಬದುಕುವುದಿಲ್ಲ, ಹಾಗಾಗಿ ಗುಂಡಿನಿಂದ ಗಂಜಿಯವರೆಗೆ ಎಲ್ಲವನ್ನೂ ಹೊತ್ತದ್ದು ಮನುಷ್ಯರ ತಲೆ. ಬ್ರಿಟಿಷರ ಕಡೆಯಲ್ಲಿ ಸತ್ತ ಹೊರೆಯಾಳುಗಳೇ 90,000ಕ್ಕಿಂತ ಹೆಚ್ಚೆಂದು ಅಂದಾಜು, ಬಹುತೇಕ ಹಸಿವು ಮತ್ತು ರೋಗದಿಂದ. ದಾರ್ ಎಸ್ ಸಲಾಮಿನ ದೊಡ್ಡ ಮಾರುಕಟ್ಟೆಯ ಹೆಸರು ಕರಿಯಾಕೂ. ಅದು ಕ್ಯಾರಿಯರ್ ಕೋರ್ ಎಂಬುದರ ಅಪಭ್ರಂಶ. ಜನ ಇಂದೂ ಅಲ್ಲಿ ಬಾಳೆಹಣ್ಣು ಕೊಳ್ಳುತ್ತ ಆ ಹೊರೆಯಾಳುಗಳ ದಳದ ಹೆಸರು ಹೇಳುತ್ತಾರೆ.

ನಮ್ಮ ಮೈಸೂರು ಸಂಸ್ಥಾನದ ಕಡೆಗೆ ಬಂದರೆ, ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟರು, ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯನ್ನು ಸುಯೆಜ್‌ಗೆ ಕಳಿಸಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರದ ಸವಾರರ ಜೊತೆ ಇವರು ನಡೆಸಿದ ದಾಳಿ ಪ್ರಸಿದ್ಧ. ಭರ್ಜಿ ಹಿಡಿದು ಮೆಷಿನ್‌ಗನ್ನಿಗೆ ಎದುರಾದರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಮಗ್ಗುಲು ಹತ್ತಿ ಫಿರಂಗಿಗಳನ್ನು ಹಿಡಿಯಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬ ಮೈಸೂರಿನವ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಸ್ಮಾರಕವಿದೆ. ಆ ಸಾಹಸದ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಹೈಫಾದ ಒಂದು ದಿನವನ್ನು ಕೊಂಡಾಡುವ ನಾವು ಕೂಟ್‌ನ ಐದು ತಿಂಗಳನ್ನು ಮರೆತಿದ್ದೇವೆ. ಗೆಲುವಿಗೆ ಸಮಾರಂಭ ಸಿಗುತ್ತದೆ. ಸೋತು ಹಸಿದು ಸತ್ತವನನ್ನು ನೆನೆಯಲು ಯಾರಿಗೂ ಒಂದು ದಿನ ಗೊತ್ತುಮಾಡಲು ತೋಚಲಿಲ್ಲ.

ಯುದ್ಧದ ಲೆಕ್ಕ 1918ರ ನವೆಂಬರ್ 11ಕ್ಕೆ ಮುಗಿಯಲಿಲ್ಲ. ಆ ವರ್ಷ ಜೂನ್‌ನಲ್ಲಿ ಮುಂಬಯಿ ಬಂದರಿಗೆ ಇನ್‌ಫ್ಲುಯೆಂಜಾ ಇಳಿಯಿತು. ಸೈನಿಕರ ಹಡಗಿನ ಜೊತೆ ಬಂತೆಂದು ಚರಿತ್ರೆಕಾರರು ಹೇಳುತ್ತಾರೆ. ಮಳೆ ಕೈಕೊಟ್ಟ ವರ್ಷ ಅದು. ಧಾನ್ಯದ ಬೆಲೆ ಮುಗಿಲು ಮುಟ್ಟಿತ್ತು, ಹೊಟ್ಟೆಗಿಲ್ಲದ ಮೈಗೆ ಜ್ವರ ತಗುಲಿತು. ಭಾರತದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ ಕಡಿಮೆಯಿಲ್ಲ. ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 74,000 ಎಂಬ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಮ್ಮ ಜನಗಣತಿಯ ಚರಿತ್ರೆಯಲ್ಲಿ ಜನಸಂಖ್ಯೆ ಇಳಿದ ದಶಕ 1911ರಿಂದ 1921ರದು ಒಂದೇ. ಊರೂರಲ್ಲಿ ಹೊಲದ ಬದುವಿನಲ್ಲಿ ಮಣ್ಣಾದ ಆ ಜನರ ಹೆಸರನ್ನು ಯಾವ ಸ್ಮಾರಕವೂ ಹೇಳುವುದಿಲ್ಲ.

ದೆಹಲಿಯ ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಅವು ಬಹುತೇಕ ವಾಯವ್ಯ ಗಡಿಯಲ್ಲಿ, ಅಫಘಾನ್ ಯುದ್ಧದಲ್ಲಿ ಸತ್ತವರವು. ನನ್ನ ಮೇಜಿನ ಮೇಲಿನ 'ಪ್ಪ' ಅಲ್ಲಿ ಸಿಗುವುದು ಅನುಮಾನ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ದೇವರ ಪೆಟ್ಟಿಗೆಯಲ್ಲಿ, ಅಜ್ಜಿಯ ಟ್ರಂಕಿನಲ್ಲಿ ಇಂಥ ಪದಕವೋ, ಪಿಂಚಣಿ ಕಾಗದವೋ, ಬಸ್ರಾದಿಂದ ಬಂದ ಕಾಗದವೋ, ಪೇಟ ಸುತ್ತಿದ ಯುವಕನ ಮಾಸಿದ ಫೋಟೊವೋ ಇದ್ದರೆ ಹೊರತೆಗೆಯಿರಿ. "ನಮ್ಮ ಮುತ್ತಜ್ಜ ಜರ್ಮನ್ ಯುದ್ಧಕ್ಕೆ ಹೋದವನು ಬರಲೇ ಇಲ್ಲ" ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಿದ್ದರೆ ಈಗಲೇ ಪಕ್ಕದಲ್ಲಿ ಕೂತು ಕೇಳಿಕೊಳ್ಳಿ. ಹಾಗೆ ಹೇಳುವವರಿಗೆ ವಯಸ್ಸಾಗಿದೆ. ಹೆಸರು, ಊರು, ಹೋದ ವರ್ಷ ಗೊತ್ತಿದ್ದಷ್ಟು ಬರೆದು ಕಳಿಸಿ. ಪದಕವನ್ನು ನಿಂಬೆಹುಣಸೆ ಹಚ್ಚಿ ಉಜ್ಜಬೇಡಿ, ಅಂಚಿನ ಅಕ್ಷರ ಅಳಿಸುತ್ತದೆ. ಮುಂದಿನ ಸಂಚಿಕೆಯಿಂದ ಪತ್ರಿಕೆಯ ಕೊನೆಯ ಪುಟ ಆ ಹೆಸರುಗಳಿಗೆ ಮೀಸಲು.